ಹನುಮವ್ವ ಹೊಲಿದ ವಟರಾಯ

ಲಗ್ಗೆರೆಯಲ್ಲಿ ನಮ್ಮ ವಠಾರದ ಮೆಟ್ಟಿಲ ಪಕ್ಕದ ಮನೆ ಹನುಮವ್ವನವರದು. ಊರು ಕುಷ್ಟಗಿ ಕಡೆ. ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಅವರು ಸ್ಯಾಂಪಲ್ ಟೈಲರ್. ಅದು ಎಂಥ ಕೆಲಸ ಎಂದು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಆದದ್ದೆಲ್ಲ ಅದರಿಂದಲೇ ಆದದ್ದು. ಕೊಳ್ಳುವ ಕಂಪನಿಯಿಂದ ಒಂದು ಅಂಗಿ ಬರುತ್ತದೆ. ಹನುಮವ್ವ ಅಂಥದೇ ಇನ್ನೊಂದು ಹೊಲಿಯಬೇಕು. ಕಾಲರಿನ ಮೂಲೆ ಒಂದು ನೂಲಿನಷ್ಟು ಓರೆಯಾದರೂ ವಾಪಸು ಬರುತ್ತದೆ. ಇವರು ಹೊಲಿದದ್ದು ವಾಪಸು ಬರುವುದು ಬಹಳ ಅಪರೂಪ. ಕೊನೆಗೆ ಕುತ್ತಿಗೆಯ ಹಿಂದೆ ಆ ಕಂಪನಿಯ ಲೇಬಲ್ ಕೂರಿಸಿದರೆ ಮುಗಿಯಿತು. ಮದುವೆಯಾಗಿ ಬೆಂಗಳೂರಿಗೆ ಬಂದಂದಿನಿಂದ ಹೊಲಿದ ಅಂಗಿಗಳಲ್ಲಿ ಒಂದರ ಮೇಲೂ ತಮ್ಮ ಹೆಸರಿಲ್ಲ ಎಂದು ಅವರು ಒಮ್ಮೆ ನನ್ನ ಹತ್ತಿರ ಹೇಳಿದ್ದರು. ದೂರಿನಂತೆ ಹೇಳಲಿಲ್ಲ. ಆದರೆ ಹೇಳಿದರು.

ವಟರಾಯ ಎಂಬುದು ಮೊಬೈಲಿನಲ್ಲಿ ಬರುವ ಕಾರ್ಟೂನಿನ ಕಪ್ಪೆ. ತನ್ನ ಕೆರೆ ಮುಚ್ಚಿ ಬಸ್ ಸ್ಟ್ಯಾಂಡ್ ಕಟ್ಟಿದ ಮೇಲೆ ಅದು ಬಸ್ಸು ಹತ್ತಿ, ಟಿಕೆಟ್ ತೆಗೆದುಕೊಂಡು, ಬೇರೆ ಕೆರೆ ಹುಡುಕುತ್ತ ಊರೆಲ್ಲ ತಿರುಗುತ್ತದೆ. ಬ್ರೂಕ್‌ಫೀಲ್ಡ್‌ನಲ್ಲಿ ಸ್ಪೂರ್ತಿ ಎಂಬವರ ಸಣ್ಣ ಸ್ಟುಡಿಯೋ ಅದನ್ನು ಮಾಡುತ್ತದೆ. ಹನುಮವ್ವನಿಗೆ ವಟರಾಯನೆಂದರೆ ಪ್ರಾಣ. ಕಂಡಕ್ಟರ್ ಚಿಲ್ಲರೆ ಕೇಳಿದಾಗ ಅದು ಕಣ್ಣು ಹೊರಳಿಸುವುದನ್ನು ನಲ್ಲಿಯ ಹತ್ತಿರ ನಮಗೆಲ್ಲ ಮಾಡಿ ತೋರಿಸುತ್ತಿದ್ದರು.

ಹೋದ ವರ್ಷ ಸ್ಟುಡಿಯೋದವರು ಅಭಿಮಾನಿಗಳ ಕೂಟ ಏರ್ಪಡಿಸಿದರು. ಅಭಿಮಾನಿಗಳು ಕೈಯಾರೆ ಮಾಡಿದ ವಸ್ತುಗಳನ್ನು ಅಲ್ಲಿ ಮೇಜಿನ ಮೇಲೆ ಇಡಬಹುದಿತ್ತು. ಪಕ್ಕದ ಬೀದಿಯ ಶಾಲೆಯ ಟೀಚರ್ ಶೈಲಜಾ ಒಂದು ಸಂಜೆ ಬಂದು, ತನಗೊಂದು ವಟರಾಯನನ್ನು ಹೊಲಿದುಕೊಡಿ, ಮೊದಲು ಕೂಟದಲ್ಲಿ ಇಟ್ಟು ಆಮೇಲೆ ತರಗತಿಗೆ ಒಯ್ಯುತ್ತೇನೆ ಎಂದರು. ಮೇಜಿನ ಮೇಲೆ ಮಾಡಿದವರ ಹೆಸರು ಹಾಕುತ್ತಾರೆ ಎಂದೂ ಹೇಳಿದರು. ಹನುಮವ್ವ ಒಪ್ಪಿದ್ದು ಆ ಕೊನೆಯ ಮಾತಿಗೆ.

ಸ್ಟುಡಿಯೋದವರೇ ಮಾರುವ ಒಂದು ಬೊಂಬೆಯನ್ನು ಶೈಲಜಾ ಮಾದರಿಗೆಂದು ಕೊಟ್ಟುಹೋದರು. ಹನುಮವ್ವ ತಮಗೆ ಗೊತ್ತಿದ್ದ ಕೆಲಸವನ್ನೇ ಮಾಡಿದರು. ಬೊಂಬೆಯ ಹೊಲಿಗೆ ಬಿಚ್ಚಿ, ತುಂಡುಗಳನ್ನು ಪೇಪರಿನ ಮೇಲೆ ಹರಡಿ, ಗೆರೆ ಎಳೆದು ಕತ್ತರಿಸಿಕೊಂಡರು. ಹಾಗೆಯೇ ಇನ್ನೊಂದನ್ನು ಹೊಲಿದರು. ಬಿಚ್ಚಿದ್ದನ್ನೂ ಮೊದಲಿನಂತೆ ಕೂಡಿಸಿದರು. ಬಾಲದ ಜಾಗದಲ್ಲಿ ಸ್ಟುಡಿಯೋದ ಲೇಬಲ್ ಇತ್ತು. ಸ್ಯಾಂಪಲ್‌ನಲ್ಲಿ ಇದ್ದದ್ದು ಇರಲೇಬೇಕಲ್ಲ ಎಂದು ಬಿಳಿ ಪಟ್ಟಿಯ ಮೇಲೆ ಅದನ್ನೂ ದಾರದಲ್ಲಿ ಬರೆದರು. ಎರಡನ್ನೂ ಅಕ್ಕಪಕ್ಕ ಇಟ್ಟಾಗ ಯಾವುದು ಯಾವುದೆಂದು ಯಾರಿಗೂ ತಿಳಿಯಲಿಲ್ಲ. ಅವರ ಗಂಡ ಯಂಕಪ್ಪ ಎರಡನ್ನೂ ಮಗುಚಿ ನೋಡಿ, ಇವುಗಳಿಗೆ ಮದುವೆ ಮಾಡಬೇಕೆಂದರೆ ಗಂಡು ಯಾವುದು ಎಂದು ಕೇಳಿದರು.

ಶೈಲಜಾ ಹೊಸ ಬೊಂಬೆಯ ಫೋಟೋವನ್ನು ಸ್ಟುಡಿಯೋಗೆ ಕಳಿಸಿದರು. ಸ್ಪೂರ್ತಿಯವರ ಉತ್ತರ ಬಂತು. ಹೊಲಿಗೆ ಬಹಳ ಚೆನ್ನಾಗಿದೆ, ಆದರೆ ಇದನ್ನು ಇಡಲು ಆಗುವುದಿಲ್ಲ, ಬೇರೆ ಮಾಡಿದರೆ ಕೂಟದ ದಿನ ತಂದು ತೋರಿಸಿ ಎಂದಿತ್ತು. ಜೊತೆಗೆ ಅಭಿಮಾನಿ ಕೃತಿಗಳ ನಿಯಮಗಳು. ಓದಿ ಹೇಳಿದ್ದು ನಾನು. ತಪ್ಪಬಾರದೆಂದು ನಿಧಾನವಾಗಿಯೇ ಓದಿದೆ. ವಟರಾಯನನ್ನು ಯಾರು ಬೇಕಾದರೂ ತಮ್ಮ ಕೈಯಿಂದ, ತಮ್ಮ ರೀತಿಯಲ್ಲಿ ಮಾಡಬಹುದು. ಒಬ್ಬರು ಕೇಳಿದರೆ ಅವರಿಗೊಂದು ಮಾಡಿಕೊಡಬಹುದು, ಅಂಗಡಿಗಾಗಿ ರಾಶಿ ಮಾಡುವಂತಿಲ್ಲ. ಸ್ಟುಡಿಯೋ ಮಾರುವ ವಸ್ತುವಿನ ಅಚ್ಚನ್ನು ತೆಗೆಯಬಾರದು, ಅದರ ಗುರುತು ಹಾಕಬಾರದು. ಮಾಡಿದವರ ಹೆಸರು ಇರಬೇಕು, ಅಭಿಮಾನಿ ಮಾಡಿದ್ದು ಎಂದೂ ಇರಬೇಕು. ಮಾಡಿಸಿಕೊಳ್ಳುವವರಿಗೂ ಇದೆಲ್ಲ ಅನ್ವಯಿಸುತ್ತದೆ.

ಹೆಸರಿನ ಸಾಲನ್ನು ಇನ್ನೊಮ್ಮೆ ಓದಲು ಹನುಮವ್ವ ಹೇಳಿದರು. ಓದಿದೆ.

ಶೈಲಜಾಗೆ ಕೊನೆಯ ಸಾಲಿನಿಂದ ಸ್ವಲ್ಪ ಗಾಬರಿಯಾಗಿತ್ತು. "ಲೇಬಲ್ ಒಂದು ಬಿಚ್ಚಿ ನಿಮ್ಮ ಹೆಸರು ಹಾಕ್ಬಿಡಿ ಹನುಮವ್ವ, ಸಾಕು," ಎಂದರು.

"ಲೇಬಲ್ ಬಿಚ್ಚಿದ್ರ ಹೋಗೂದಿಲ್ರೀ ಮೇಡಂ. ಮೈಯೆಲ್ಲಾ ಅವರದ ಐತಿ."

ಯಂಕಪ್ಪನವರಿಗೆ ಸಿಟ್ಟು ಬಂತು. "ಕಪ್ಪಿ ಹೊಲ್ಯಾಕೂ ಕಾಯ್ದೆ ಏನು? ಕೆರ್ಯಾಗಿನ ಕಪ್ಪಿ ಯಾರನ್ನ ಕೇಳಿ ಹುಟ್ಟತಾವ?"

"ಕೆರ್ಯಾಗಿನ ಕಪ್ಪಿ ಬಸ್ಸಿನ್ಯಾಗ ತಿಕೀಟು ತಗೋತೈತೇನು?" ಎಂದರು ಹನುಮವ್ವ. "ಇದನ್ನ ಹುಟ್ಟಿಸಿದಾರು ಅವರು. ನಾ ಬ್ಯಾರೆ ಹೊಲೀತೀನಿ."

ಆಗಲೇ ಮಾದರಿ ಬೊಂಬೆಯನ್ನು ಶೈಲಜಾ ಕೈಗೆ ಕೊಟ್ಟುಬಿಟ್ಟರು. ಪೇಪರಿನ ಅಚ್ಚನ್ನು ಹರಿದರು. ಹೊಲಿದ ಬೊಂಬೆಯನ್ನು ಬಿಚ್ಚಿ, ಒಳಗಿನ ಹತ್ತಿಯನ್ನು ಮಾತ್ರ ಒಂದು ಚೀಲದಲ್ಲಿ ತೆಗೆದಿಟ್ಟರು.

ಆದರೆ ಎದುರಿಗೆ ಸ್ಯಾಂಪಲ್ ಇಲ್ಲದೆ ಅವರು ಎಂದೂ ಹೊಲಿದಿರಲಿಲ್ಲ. ಮೊದಲ ಸಲ ಕೂತಾಗ ಅದೇ ತಲೆ, ಅದೇ ಹೊಟ್ಟೆ ಬಂತು. ಕೈಗೆ ಬಾಯಿಪಾಠ ಆಗಿಬಿಟ್ಟಿದೆ ಎಂದು ಬೈದುಕೊಂಡು ಬಿಚ್ಚಿದರು. ಬೇಕೆಂದೇ ಬೇರೆ ಮಾಡಲು ಹೋದಾಗ ಅದು ವಟರಾಯನಾಗದೆ ಆಲೂಗಡ್ಡೆಯಂತಾಯಿತು. ಅದನ್ನೂ ಬಿಚ್ಚಿದರು. ಕೆಲಸದಿಂದ ಬಂದು, ರೊಟ್ಟಿ ಬಡಿದಿಟ್ಟು, ಮತ್ತೆ ಕೂರುತ್ತಿದ್ದರು. ಕೂಟ ಹತ್ತಿರ ಬರುತ್ತಿತ್ತು. ಬಿಟ್ಟುಬಿಡಿ, ಪರವಾಗಿಲ್ಲ ಎಂದು ಶೈಲಜಾ ಹೇಳಿಕಳಿಸಿದರು. ಬಿಡಲಿಲ್ಲ.

ಒಂದು ಭಾನುವಾರ ಬಟ್ಟೆ ಮುಟ್ಟದೆ ಮೊಬೈಲ್ ಹಿಡಿದು ಕೂತರು. ಹೊರಟ ಬಸ್ಸಿನ ಮೆಟ್ಟಿಲಿಗೆ ವಟರಾಯ ಹಾರುವ ಒಂದು ದೃಶ್ಯವಿದೆ. ಅದನ್ನೇ ನಿಲ್ಲಿಸಿ, ಹಿಂದೆ ಸರಿಸಿ, ಮತ್ತೆ ನೋಡಿದರು. ಸ್ಟುಡಿಯೋದ ಬೊಂಬೆ ಕೂತಿರುತ್ತದೆ. ನಂದು ಹಾರಬೇಕು ಎಂದರು.

ಹಾರುವ ಕಾಲು ಸುಲಭವಾಗಲಿಲ್ಲ. ಹಿಂದಕ್ಕೆ ಚಾಚಿದರೆ ತೊಡೆಯ ಸಂದಿನಲ್ಲಿ ಹೊಲಿಗೆ ಎಳೆದು ನೆರಿಗೆ ಬೀಳುತ್ತಿತ್ತು. ಅದನ್ನು ಹಿಡಿದುಕೊಂಡು ಬಹಳ ಹೊತ್ತು ಯೋಚಿಸಿ, ಟ್ರಂಕು ತೆಗೆದು ತಮ್ಮ ಅವ್ವನ ಹಳೆಯ ಖಣದ ಕುಪ್ಪಸ ಹೊರತೆಗೆದರು. ತೋಳೆತ್ತಿದಾಗ ಹರಿಯದಿರಲೆಂದು ಅದರ ಕಂಕುಳಲ್ಲಿ ಒಂದು ಮೂಲೆ ತುಂಡು ಕೂರಿಸಿರುತ್ತಾರೆ. ಕಪ್ಪೆಯ ತೊಡೆಗೂ ಅಂಥದೇ ತುಂಡು ಕೂರಿಸಿದರು. ಕಾಲು ಚಾಚಿತು. ಚೀಲದ ಹತ್ತಿ ತುಂಬಿದರು. ಕಣ್ಣು ಮಾತ್ರ ಚಿಲ್ಲರೆ ಕೇಳಿದಾಗ ಹೊರಳಿಸುವ ಕಣ್ಣು. ನೋಡಿದ ಕೂಡಲೇ ನಕ್ಕೆ. ವಟರಾಯನೇ.

ಲೇಬಲಿಗೆ ಬಿಳಿ ಪಟ್ಟಿ ಕತ್ತರಿಸಿ, ಎಷ್ಟೋ ಕಂಪನಿಗಳ ಹೆಸರು ಕೂರಿಸಿದ ಕೈಯಿಂದ ತಮ್ಮ ಹೆಸರನ್ನು ಹಸಿರು ದಾರದಲ್ಲಿ ಬರೆದರು: ಹನುಮವ್ವ, ಲಗ್ಗೆರೆ. ಕೆಳಗೆ: ಅಭಿಮಾನಿ ಹೊಲಿದದ್ದು.

ಕೂಟದ ದಿನ ಬಸ್ಸು ಬದಲಿಸಿ ಬದಲಿಸಿ ಬ್ರೂಕ್‌ಫೀಲ್ಡ್ ತಲುಪಿದೆವು. ಇನ್ನೊಮ್ಮೆ ಬೇಡವೆಂದರೆ ಏನು ಮಾಡುವುದೆಂದು ಶೈಲಜಾ ದಾರಿಯುದ್ದಕ್ಕೂ ಕೇಳಿದರು. ಹನುಮವ್ವ ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಮನೆಗೆ ಹೋಗಿ ಇನ್ನೊಂದು ಹೊಲಿಯುವುದು ಎಂದರು. ಬಾಗಿಲಲ್ಲಿ ಸ್ಪೂರ್ತಿಯವರು ಬೊಂಬೆಯನ್ನು ತಿರುಗಿಸಿ ನೋಡಿದರು. ಕಾಲು ಎಳೆದರು, ಬಿಟ್ಟರು, ಲೇಬಲ್ ಓದಿದರು.

"ನಮ್ಮ ವಟರಾಯನೇ," ಎಂದರು. "ಆದ್ರೆ ಈ ಕಾಲು ನಿಮ್ದು. ಇಡಿ ಹನುಮವ್ವ."

ಮಧ್ಯಾಹ್ನ ಆಟದ ಸಾಮಾನಿನ ಅಂಗಡಿಯವರೊಬ್ಬರು ಮೇಜಿನ ಹತ್ತಿರ ಬಂದು, ಇಂಥವೇ ಒಂದು ಲಾಟ್ ಮಾಡಿಕೊಡುತ್ತೀರಾ ಎಂದು ಕೇಳಿದರು. ಹನುಮವ್ವ ನನ್ನ ಕಡೆ ನೋಡಲಿಲ್ಲ, ನಿಯಮ ಕೇಳಲಿಲ್ಲ.

"ಲಾಟ್ ಆಗೂದಿಲ್ರೀ ಅಣ್ಣಾರ. ಒಬ್ಬರಿಗೆ ಒಂದು. ಅದೂ ಇದರಂಗ ಬರೂದಿಲ್ಲ."

ಅವರು ನಕ್ಕು, ಹಾಗಾದರೆ ತಮ್ಮ ಮನೆಗೇ ಒಂದು ಇರಲಿ ಎಂದರು. ಹನುಮವ್ವ ಮೊಬೈಲಿನಲ್ಲಿ ಕಾರ್ಟೂನು ಹಾಕಿ ಅವರ ಕೈಗೆ ಕೊಟ್ಟರು.

"ನೋಡಿ ಹೇಳ್ರಿ. ಯಾವ ಬಸ್ಸಿನ್ಯಾಗಿನ ವಟರಾಯ ಬೇಕು ನಿಮಗ?"