ಬಾಯ್ಲರ್ ಗಾದಿಯ ಹತ್ತಿ

ಯುರೋಪಿನಲ್ಲಿ ಯುದ್ಧ ಶುರುವಾದ ಮರುವರ್ಷದ ಬೇಸಿಗೆ. ಆಗ ನಾನು ಹೊಸಪೇಟೆಯ ಒಂದು ಅಕ್ಕಿ ಗಿರಣಿಯಲ್ಲಿ ಬಾಯ್ಲರ್ ಒಲೆಗೆ ಹೊಟ್ಟು ಹಾಕುವ ಕೆಲಸದಲ್ಲಿದ್ದೆ. ಓದಿದ್ದು ಎರಡನೇ ಕ್ಲಾಸು. ಸುತ್ತಿ ಬಳಸಿ ಬರೆಯಲು ನನಗೆ ಬರುವುದಿಲ್ಲ. ನಡೆದದ್ದನ್ನು ಹೇಳುತ್ತೇನೆ, ಅಷ್ಟೇ.

ಬೇಸಿಗೆಯಲ್ಲಿ ಗಿರಣಿ ನಿಲ್ಲಿಸಿ ಬಾಯ್ಲರ್ ರಿಪೇರಿ ಮಾಡುತ್ತಾರೆ. ಉಗಿ ಹೋಗುವ ಕೊಳವೆಗಳು ಆರಬಾರದೆಂದು ಅವುಗಳ ಸುತ್ತ ದಪ್ಪ ಬಟ್ಟೆಯ ಗಾದಿ ಕಟ್ಟಿರುತ್ತಾರೆ. ಗಾದಿಯೊಳಗೆ ಇರುವುದು ಆಸ್ಬೆಸ್ಟಾಸ್. ಕಲ್ಲಿನಿಂದ ತೆಗೆದ ನಾರಂತೆ. ನಾವು ಕಲ್ಲುಹತ್ತಿ ಎನ್ನುತ್ತಿದ್ದೆವು. ನಮ್ಮ ಗಾದಿಗಳು ಹಳೆಯವಾಗಿ, ಹರಿದು, ಗಂಟುಗಟ್ಟಿದ್ದವು. ಯುದ್ಧದಿಂದಾಗಿ ಹೊಸ ಮಾಲು ಬರುತ್ತಿರಲಿಲ್ಲ.

"ಹಳೇದನ್ನ ಬಿಚ್ಚಿ ಬಡದು ತಿರುಗಿ ತುಂಬ್ರಿ" ಅಂದರು ಸಾಹುಕಾರರು.

ಪಿಂಜಾರರು ಹತ್ತಿ ಬಡಿಯುವ ಹಾಗೆ ನಾವು ನಾಲ್ವರು ಮೂರು ದಿನ ಕೋಲಿನಿಂದ ಬಡಿದೆವು. ಹೆಂಚಿನ ಸಂದಿಯಿಂದ ಬಿಸಿಲು ಬಿದ್ದಲ್ಲೆಲ್ಲ ಧೂಳು ಮಿಣಮಿಣ ಹೊಳೆಯುತ್ತಿತ್ತು. ಮೀಸೆ, ಹುಬ್ಬು ಎಲ್ಲ ಬೆಳ್ಳಗಾದವು.

"ಲೇ ಜಡೆಪ್ಪ, ಒಂದ ದಿನದಾಗ ಮುದುಕ ಆದ್ಯಲ್ಲೋ! ಇನ್ನ ನಿನಗ ಯಾರು ಹೆಣ್ಣು ಕೊಡ್ತಾರ?" ಎಂದು ಜೊತೆಯವರು ನಕ್ಕರು. ನಾನೂ ನಕ್ಕೆ.

ಬಡಿದ ಮೇಲೆ ಅದು ಬೂರಗದ ಹತ್ತಿಗಿಂತ ಮೆತ್ತಗಾಯಿತು. ಬೆಂಕಿ ಹತ್ತುವುದಿಲ್ಲ, ತಿಗಣೆ ಸೇರುವುದಿಲ್ಲ. ನಮ್ಮೂರು ಪಾಪಿನಾಯಕನಹಳ್ಳಿಗೆ ಅಕ್ಕ ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಹೆಣ್ಣು ಕೂಸು. ತೊಟ್ಟಿಲಿಗೆ ಹಾಕುವ ದಿನ ಹತ್ತಿರ ಬಂದಿತ್ತು. ಸೋದರಮಾವ ಬರಿಗೈಯಲ್ಲಿ ಹೋಗುವುದು ಹೇಗೆ? ಉಳಿದ ಕಲ್ಲುಹತ್ತಿಯನ್ನು ಹೊಸ ಬಟ್ಟೆಯಲ್ಲಿ ತುಂಬಿ, ಗಿರಣಿಯಲ್ಲೇ ದಬ್ಬಣದಿಂದ ಬಿಗಿಯಾಗಿ ಹೊಲಿದು, ಪುಟ್ಟ ಗಾದಿ ಮಾಡಿ ಊರಿನ ಗಾಡಿಯವನ ಕೈಲಿ ಕಳಿಸಿದೆ. ತೊಟ್ಟಿಲಿಗೆ ಹಾಕುವ ದಿನದವರೆಗೂ ಯಾರೂ ಮುಟ್ಟಬಾರದು ಅಂತ ಹೇಳಿಯೂ ಕಳಿಸಿದೆ. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡಿದ್ದೆ.

ತೊಟ್ಟಿಲಿಗೆ ಹಾಕುವ ದಿನ ಬೆಳಿಗ್ಗೆ ಗಿರಣಿಯ ಗುಮಾಸ್ತರ ಹತ್ತಿರ ಅರ್ಧ ದಿನ ಸೂಟಿ ಕೇಳಲು ಹೋದೆ. ಬಾಯ್ಲರ್ ರಿಪೇರಿಗೆ ಹಿಂದಿನ ದಿನವಷ್ಟೇ ಹೊರಗಿನಿಂದ ಬಂದಿದ್ದ ಫಿಟ್ಟರ್ ಖಾದರ್ ಸಾಬರು ಅಲ್ಲಿ ಕೂತಿದ್ದರು. ಐವತ್ತರ ಆಸುಪಾಸಿನ ಸಣಕಲು ಮನುಷ್ಯ. ನಾಲ್ಕು ಮೆಟ್ಟಿಲು ಹತ್ತಿದರೆ ನಿಂತು ಏದುಸಿರು ಬಿಡುತ್ತಿದ್ದರು. ಸೂಟಿ ಯಾಕೆಂದು ಅವರು ಕೇಳಿದರು. ನಾನು ಗಾದಿಯ ವಿಷಯವನ್ನೂ ಸೇರಿಸಿ ಜಂಬದಿಂದ ಹೇಳಿದೆ.

ಅವರು ಬೀಡಿ ಕೆಳಗೆ ಹಾಕಿದರು. "ಕೂಸು ಮಲಗೇತೇನು ಅದರ ಮ್ಯಾಲ?"

"ಇಲ್ರಿ. ಮಧ್ಯಾಹ್ನ ಮಲಗಸ್ತಾರ."

"ಜಲ್ದಿ ಹೋಗು. ತಗಸು ಅದನ್ನ."

"ಯಾಕ್ರಿ? ನಾವು ಹೊಟ್ಟಿನ ಧೂಳ ತಿಂದು ಬೆಳದವ್ರು. ಇದೇನ ಮಾಡತೈತ್ರಿ?"

ಅವರು ಜಗಳಕ್ಕೆ ಬರಲಿಲ್ಲ. ಅಂಗಿ ಎತ್ತಿ ಬೆನ್ನು ತಿರುಗಿಸಿದರು. "ಕಿವಿ ಇಡು ಇಲ್ಲಿ."

ಇಟ್ಟೆ. ಅವರು ಉಸಿರು ಎಳೆದಾಗ ಒಳಗೆ ಚರಚರ ಸದ್ದು. ಒಣಗಿದ ಎಲೆಯನ್ನು ಮುಷ್ಟಿಯಲ್ಲಿ ಹಿಸುಕಿದ ಹಾಗೆ.

"ಹದಿನೈದು ವರ್ಷ ರೈಲು ಎಂಜಿನ್ ಶೆಡ್ಡಿನಾಗ ಇದನ್ನ ಬಡದೀನಿ. ಐದು ಮಂದಿ ಇದ್ವಿ. ಈಗ ನಾನೊಬ್ಬನ ಉಳದೀನಿ. ಕ್ಷಯ ಅಲ್ಲ, ಜ್ವರ ಇಲ್ಲ, ಉಸುರ ಸಾಲಂಗಿಲ್ಲ, ಅಷ್ಟ. ಈ ನಾರು ಒಳಗ ಹೋದ್ರ ಹೊರಗ ಬರಂಗಿಲ್ಲ ಬೇಟಾ. ಇವತ್ತಲ್ಲ, ಇಪ್ಪತ್ತು ವರ್ಷಕ್ಕ ಗೊತ್ತಾಗತೈತಿ."

ನಾನು ಗುಮಾಸ್ತರ ಸೈಕಲ್ ಎಳೆದುಕೊಂಡೆ. ಖಾದರ್ ಸಾಬರು ಹಿಂದಿನಿಂದ ಕೂಗಿದರು: "ಹರೀಬ್ಯಾಡ, ಝಾಡಿಸಬ್ಯಾಡ, ಸುಡಬ್ಯಾಡ! ಮೊದ್ಲು ನೀರು ಹಾಕು. ಪೂರಾ ತೊಯ್ಸು. ಆಮ್ಯಾಲ ಹುಗದು ಬಿಡು!"

ಮನೆ ಮುಟ್ಟಿದಾಗ ಪಡಸಾಲೆ ತುಂಬ ಹೆಂಗಸರು. ತೊಟ್ಟಿಲಲ್ಲಿ ನನ್ನ ಗಾದಿ. ಅದರ ಮೇಲೆ ಗುಂಡಕಲ್ಲು. ನಮ್ಮ ಕಡೆ ಮೊದಲು ಕಲ್ಲನ್ನು ಮಲಗಿಸಿ ಜೋಗುಳ ಹಾಡುತ್ತಾರೆ, ಆಮೇಲೆ ಕೂಸು. ಕಲ್ಲಿನ ಸರದಿ ಮುಗಿಯುತ್ತಿತ್ತು. ಅಕ್ಕ ಕೂಸನ್ನು ಎತ್ತಿ ಕೂಸಿನ ಸೋದರತ್ತೆಯ ಕೈಗೆ ಕೊಡುತ್ತಿದ್ದಳು.

"ನಿಲ್ಲಸ್ರಿ!" ಎಂದೆ. ಯಾರಿಗೂ ಕೇಳಿಸಲಿಲ್ಲ. ಬಾಗಿಲ ಪಕ್ಕ ತುಂಬಿದ ಕೊಡವಿತ್ತು. ಎತ್ತಿ ತೊಟ್ಟಿಲಿಗೆ ಸುರಿದುಬಿಟ್ಟೆ. ಕಲ್ಲು, ಗಾದಿ, ಹೂವು, ಹತ್ತಿರ ಕೂತವರ ಸೀರೆ, ಎಲ್ಲ ತೊಯ್ದವು.

"ಅಯ್ಯಯ್ಯ, ಹುಚ್ಚು ಹಿಡದೈತೇನಲೇ ನಿನಗ!" ಅವ್ವ ನನ್ನ ಬೆನ್ನಿಗೊಂದು ಹಾಕಿದಳು.

"ಹಾಡಹಗಲ ಕುಡದು ಬಂದಾನ" ಎಂದಳು ಸೋದರತ್ತೆ.

"ಕುಡದಿಲ್ಲ. ಯಾರೂ ಅದನ್ನ ಮುಟ್ಟಬ್ಯಾಡ್ರಿ. ಅದು ವಿಷ."

"ನೀನ ಕಳಿಸಿದ್ದಲ್ಲೋ ವಿಷಾನ?" ಅಂದಳು ಅವ್ವ.

"ಹೌದು, ನಾನ ಕಳಿಸೀನಿ. ನಾನ ತಪ್ಪು ಮಾಡೀನಿ. ಈಗ ನಾನ ತಗೀತೀನಿ."

ಅಕ್ಕ ನನ್ನ ಮುಖ ನೋಡಿದಳು. ಕೂಸನ್ನು ಎದೆಗೆ ಅವಚಿಕೊಂಡು ಹಿಂದೆ ಸರಿದಳು. "ಅವ್ವಾ, ಅವನನ್ನ ಬಿಡು. ತಗದುಕೊಂಡು ಹೋಗ್ಲಿ" ಅಂದಳು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ನೀರು ಸೋರುವ ಗಾದಿಯನ್ನು ತೊಯ್ಸಿದ ಗೋಣಿಚೀಲದಲ್ಲಿ ಸುತ್ತಿ, ಊರ ಹೊರಗೆ ಆಳದ ಗುಂಡಿ ತೋಡಿ ಹುಗಿದೆ. ಮೈ ತೊಳೆದು ವಾಪಸು ಬಂದಾಗ ಅಕ್ಕ ತೊಟ್ಟಿಲನ್ನು ತಿಕ್ಕಿ ತೊಳೆಸಿ, ಅವ್ವನ ಹಳೆಯ ಕೌದಿ ಹಾಸಿಸಿದ್ದಳು. ಕೂಸು ಅದರ ಮೇಲೆ ನಿದ್ದೆ ಹೊಡೆಯುತ್ತಿತ್ತು.

ಮರುದಿನ ಗಿರಣಿಯಲ್ಲಿ ಇನ್ನೂ ಎರಡು ಗಾದಿ ಬಡಿಯುವುದಿತ್ತು. ಒಣಗಿದ್ದನ್ನು ಬಡಿಯುವುದಿಲ್ಲ, ತೊಯ್ಸಿಯೇ ಬಡಿಯುತ್ತೇನೆ ಎಂದೆ.

"ತೊಯ್ಸಿದ್ರ ಒಣಗಾಕ ಎಂಟು ದಿನ ಬೇಕಲೇ!" ಎಂದರು ಸಾಹುಕಾರರು.

"ಬೇಕಾಗ್ಲಿ ಬಿಡ್ರಿ. ಇಲ್ಲಾಂದ್ರ ಕೋಲು ನೀವ ಹಿಡೀರಿ."

ಕೆಲಸ ಹೋಯಿತು ಎಂದುಕೊಂಡೆ. ಆದರೆ ಖಾದರ್ ಸಾಬರು, "ಒಣದನ್ನ ಬಡದು ತುಂಬಿದ ಗಾದಿ ನಾನೂ ಕಟ್ಟಂಗಿಲ್ರಿ" ಅಂದರು. ಫಿಟ್ಟರ್ ಇಲ್ಲದೆ ಬಾಯ್ಲರ್ ಏಳುವುದಿಲ್ಲ. ಸಾಹುಕಾರರು ಗೊಣಗಿ ಒಪ್ಪಿದರು. ಅಂದಿನಿಂದ ನಮ್ಮಲ್ಲಿ ಹಳೆಯ ಗಾದಿಯನ್ನು ನೀರಿಗೆ ಹಾಕದೆ ಯಾರೂ ಬಿಚ್ಚುವುದಿಲ್ಲ. ನಿಮ್ಮ ಗಿರಣಿಯಲ್ಲೂ ಅಂಥ ಗಾದಿ ಇದ್ದರೆ ಒಣಗಿದ್ದನ್ನು ಮುಟ್ಟಬೇಡಿ. ಮೆತ್ತಗಿದೆ ಅಂತ ಮನೆಗಂತೂ ಒಯ್ಯಲೇಬೇಡಿ.

ಅಕ್ಕನ ಮಗಳಿಗೆ ಈಗ ಎರಡು ವರ್ಷ. ಊರಲ್ಲಿ ಯಾರ ಮನೆಯಲ್ಲಿ ತೊಟ್ಟಿಲ ಕಾರ್ಯವಾದರೂ, ನಾನು ಹೋದರೆ ಹೆಂಗಸರು "ಕೊಡ ಒಳಗಿಡ್ರವ್ವಾ, ಜಡೆಪ್ಪ ಬಂದ" ಎನ್ನುತ್ತಾರೆ. ಅನ್ನಲಿ. ಮೂರು ದಿನ ಬಡಿದ ಧೂಳು ನನ್ನ ಎದೆಯಲ್ಲಿ ಎಷ್ಟು ಕೂತಿದೆಯೋ ಗೊತ್ತಿಲ್ಲ. ಅದನ್ನು ತೆಗೆಯಲು ಯಾರಿಂದಲೂ ಆಗುವುದಿಲ್ಲ. ಆದರೆ ಆ ಗಾದಿಯ ಮೇಲೆ ಅವಳು ಒಂದು ಗಳಿಗೆಯೂ ಮಲಗಲಿಲ್ಲ. ಅಷ್ಟು ನನಗೆ ಚೆನ್ನಾಗಿ ಗೊತ್ತು.