ಅಕ್ಕೋರ ಗೋಡೆಯ ಮೇಲೆ ಕುರ್ವೆಯ ಬಾವಿಗಳು

ಬೇಸಿಗೆಯ ಬೆಳಗಿನ ಶಾಲೆ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಉಪ್ಪುಹೊಳೆ ಸುತ್ತಿದ ನಡುಗಡ್ಡೆ ಮಾವಿನಕುರ್ವೆ. ಇಲ್ಲಿಯ ಮಕ್ಕಳು ಪಾಟಿಚೀಲದ ಜೊತೆ ಒಂದೊಂದು ಒದ್ದೆ ಹಗ್ಗ ಹಿಡಿದು ಬರುತ್ತಿದ್ದಾರೆ. ತುದಿಗೆ ಕಲ್ಲು ಕಟ್ಟಿ ಅವರವರ ಮನೆಯ ಬಾವಿಗೆ ಇಳಿಬಿಟ್ಟು ತೆಗೆದ ಹಗ್ಗ. ಒದ್ದೆ ಶುರುವಾಗುವ ಜಾಗಕ್ಕೆ ತೆಂಗಿನಗರಿಯ ಗಂಟು. ಇವರಿಗೆ ಕಲಿಸುವ ಮಹಾಲಕ್ಷ್ಮೀ ಅಕ್ಕೋರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೋಟು ಏಣಿ ಹತ್ತಿ, ಗಂಟಿನವರೆಗಿನ ಒಣ ಹಗ್ಗವನ್ನು ಅರ್ಧ ಅಳತೆಗೆ ಎರಡಾಗಿ ಮಡಿಸಿ, ಮಡಿಕೆ ಕೆಳಗಾಗಿ ಗೋಡೆಯ ಮೊಳೆಗಳಿಗೆ ತೂಗುಹಾಕುತ್ತಿದ್ದಾರೆ. ಪತ್ರಿಕೆಗೆ ಬರೆಯಲೆಂದು ಹೊನ್ನಾವರದಿಂದ ಮೊದಲ ದೋಣಿಗೆ ಬಂದಿಳಿದ ನನಗೆ ಇದು ಶಾಲೆಯೋ ಹಗ್ಗದ ಅಂಗಡಿಯೋ ಎಂಬ ಅನುಮಾನ.

ಗೋಡೆಯ ಮೇಲ್ಗಡೆ ಕೆಮ್ಮಣ್ಣಿನಲ್ಲಿ ಎಳೆದ ಗೆರೆಯೇ ನೆಲ. ಒಂದೊಂದು ಮೊಳೆಯೂ ಒಂದೊಂದು ಬಾವಿ. ಗೋಡೆಯ ಎರಡೂ ತುದಿಗೆ ಹೊಳೆ, ನಡುವೆ ಊರು. ಹಗ್ಗದ ಮಡಿಕೆ ಮುಟ್ಟಿದಲ್ಲಿ ಮಕ್ಕಳು ಬಟ್ಟೆಗೆ ಹಾಕುವ ನೀಲಿಯಿಂದ ಚುಕ್ಕಿ ಇಡುತ್ತಾರೆ. ಚುಕ್ಕಿ ಕೂಡಿಸಿದರೆ ನೆಲದಡಿಯ ನೀರಿನ ಮಟ್ಟ ಎದ್ದು ಕಾಣುತ್ತದೆ. ಅದು ನಾನು ಎಣಿಸಿದಂತೆ ಸಪಾಟಾಗಿಲ್ಲ. ನಡುವೂರಿನಲ್ಲಿ ಉಬ್ಬಿ ಎರಡೂ ಹೊಳೆಗಳ ಕಡೆ ಇಳಿಯುತ್ತದೆ. ಮರಳಲ್ಲಿ ಇಂಗಿದ ಮಳೆನೀರು ಆ ಇಳಿಜಾರಿನಲ್ಲೇ ಮೆಲ್ಲಗೆ ಹೊಳೆ ಸೇರುತ್ತದೆ ಎನ್ನಲು ಬಾಣದ ಗುರುತುಗಳಿವೆ. ನೀಲಿಯ ಕೆಳಗೆ ಇದ್ದಿಲಿನ ಕಪ್ಪು, ಅದು ಉಪ್ಪುನೀರು. ಯಾವ ಬಾವಿ ಎಷ್ಟು ಆಳಕ್ಕೆ ಉಪ್ಪಾಯಿತೆಂದು ಮನೆಮನೆ ಕೇಳಿ ಎಳೆದ ಗೆರೆ.

“ಗಂಜಿ ಬಟ್ಟಲಲ್ಲಿ ಮೇಲೆ ತೆಳಿ ನಿಲ್ತದಲ್ಲ, ಹಂಗೆ ಸಿಹಿನೀರು ಉಪ್ಪಿನ ಮೇಲೆ ನಿಂತದೆ” ಎನ್ನುತ್ತಾರೆ ಅಕ್ಕೋರು. “ಪುಸ್ತಕದಲ್ಲಿ ಅಂತರ್ಜಲ ಅಂತ ಶಬ್ದ ಇತ್ತು. ಮಕ್ಕಳು ಬಾಯಿಪಾಠ ಒಪ್ಪಿಸ್ತಿದ್ದವು. ಎಲ್ಲಿದೆ ತೋರ್ಸಿ ಅಂದ್ರೆ ಆಕಾಶ ನೋಡ್ತಿದ್ದವು.”

ಕುಮಟೆಯ ಒಳಗಿನ ತೋಟದ ಮನೆಯ ಮಗಳು ಈಕೆ. ಧಾರವಾಡದಲ್ಲಿ ಟ್ರೇನಿಂಗ್ ಮುಗಿಸಿ ಸೀದಾ ಈ ಕುರ್ವೆಗೆ ಬಂದರು. ಈ ಸೀಮೆ ಮುಂಬಯಿಯಿಂದ ಮೈಸೂರು ರಾಜ್ಯಕ್ಕೆ ಸೇರಿ ಆರೇಳು ವರ್ಷವಾದರೂ ಇಲ್ಲಿ ತರಗತಿ ಇನ್ನೂ ‘ಇಯತ್ತೆ’ಯೇ, ನಾಲ್ಕು ಇಯತ್ತೆಗೆ ಇವರೊಬ್ಬರೇ. ಮಳೆಗಾಲದಲ್ಲಿ ದೋಣಿ ನಿಂತರೆ ತಮ್ಮೂರಿಗೆ ಹೋಗುವಂತಿಲ್ಲ. ಹೋದಾಗಲೆಲ್ಲ ತಾಯಿಯದು ಒಂದೇ ರಾಗ: “ಕೂಸೇ, ಆ ಉಪ್ನೀರೂರಲ್ಲಿ ಎಂತ ಇದ್ದು? ವರ್ಗ ಮಾಡ್ಸ್ಕ್ಯಂಡು ಬಾರೇ.” ಇತ್ತ ತಪಾಸಣೆಗೆ ಬಂದ ಸಾಹೇಬರಿಗೆ ಗೋಡೆ ಹೊಲಸಾಗಿ ಕಂಡಿದೆ, ವರ್ಷಕ್ಕೊಮ್ಮೆ ಸುಣ್ಣ ಬೀಳುತ್ತದೆ, ಚಿತ್ರ ಅಳಿಯುತ್ತದೆ. ಮಕ್ಕಳು ಮತ್ತೆ ಹಗ್ಗ ತರುತ್ತಾರೆ.

ಈ ಚಿತ್ರದ ಹುಚ್ಚು ಹಿಡಿಸಿದ್ದು ಶಾಲೆಯ ಬಾವಿ. ಹಿಂದೊಂದು ಬೇಸಿಗೆಯಲ್ಲಿ ನೀರು ತಳ ಹಿಡಿಯಿತೆಂದು ಊರವರೇ ಸೇರಿ ಆಳ ಮಾಡಿಸಿದರು. ನೀರು ಉಕ್ಕಿತು, ಬೆಲ್ಲ ಹಂಚಿದರು. ವಾರ ಕಳೆಯುವುದರೊಳಗೆ ಬಾಯಿಗಿಡಲಾಗದಷ್ಟು ಉಪ್ಪು. ಅಂದಿನಿಂದ ಶಾಲೆಗೂ ಸುತ್ತಿನ ಮನೆಗಳಿಗೂ ಮೀನು ಮಾರುವ ದುರ್ಗಿಯ ಬಾವಿಯೇ ಗತಿ. ಈಗ ಅದೂ ತಳ ಹಿಡಿದಿದೆ. ಅದನ್ನು ಆಳ ಮಾಡಿಸುವುದೆಂದು ದುರ್ಗಿ ಹಟ ಹಿಡಿದಿದ್ದಾಳೆ. ಗುಡ್ಡದ ಕಡೆಯಿಂದ ಬಾವಿ ತೋಡುವ ಜಟ್ಟಿಯನ್ನು ಕರೆಸಿಯೂ ಆಗಿದೆ. ಅದೂ ಉಪ್ಪಾದರೆ ಕುಡಿಯುವ ನೀರನ್ನು ದೋಣಿಯಲ್ಲಿ ತರಬೇಕು. ನಾನು ಬಂದದ್ದು ಸರಿಯಾಗಿ ಜಟ್ಟಿ ಕೆಲಸಕ್ಕಿಳಿಯುವ ದಿನ.

ಜಟ್ಟಿ ಹಾರೆ ಹೊತ್ತು ಶಾಲೆಯ ಮುಂದೆ ಹಾಯುವಾಗ ಅಕ್ಕೋರು ಕರೆಯುತ್ತಾರೆ. ಹಿಂದೆಯೇ ದುರ್ಗಿ, ಬುಟ್ಟಿ ಸಮೇತ.

“ಅಕ್ಕೋರೇ, ಗೋಡೆ ಮೇಲೆ ನೀರಿನ ಚಿತ್ರ ಬರೆದ್ರೆ ನನ್ನ ಕೊಡ ತುಂಬ್ತದ್ಯ?” ದುರ್ಗಿಯ ಬಾಯಿ ಬಂದರಿಗೆಲ್ಲ ಗೊತ್ತು. “ಶಾಲಿ ಬಾವಿ ಹೊಳೆ ದಂಡೆದು, ಉಪ್ಪಾತು. ನಂದು ನಡು ಊರಂದು. ನಂಗೆಂತ ಆತದೆ?”

ಅಕ್ಕೋರು ವಾದಕ್ಕಿಳಿಯುವುದಿಲ್ಲ. “ಎಷ್ಟು ಆಳ ತೋಡ್ತೆ ಜಟ್ಟಿ?”

“ಇನ್ನೊಂದು ಆಳುದ್ದ.”

“ಹಂಗಾರೆ ನಿಂತ್ಕೋ.” ಮಕ್ಕಳು ಕಿಲಕಿಲ ನಗುತ್ತ ಜಟ್ಟಿಯ ತಲೆಯಿಂದ ಹಿಮ್ಮಡಿಯವರೆಗೆ ಹಗ್ಗ ಹಿಡಿಯುತ್ತಾರೆ. ದುರ್ಗಿಯ ಮೊಮ್ಮಗಳು ಮಾದಿ ಆ ಹಗ್ಗವನ್ನೂ ಎರಡಾಗಿ ಮಡಿಸಿ, ಗೋಡೆಯ ಮೇಲಿನ ಅಜ್ಜಿಯ ಬಾವಿಯ ತಳಕ್ಕೆ ಹಿಡಿದು, ಅಲ್ಲಿಂದ ಕೆಮ್ಮಣ್ಣಿನ ಹೊಸ ಗೆರೆಯೊಂದನ್ನು ಕೆಳಗೆಳೆಯುತ್ತಾಳೆ. ನೀಲಿ ಮುಗಿಯುತ್ತದೆ. ಗೆರೆ ನಿಲ್ಲದೆ ಕಪ್ಪಿಗೆ ಇಳಿಯುತ್ತದೆ.

ಇದು ಬರೀ ಗೋಡೆಯೆಂಬುದು ಆ ಗಳಿಗೆ ನನಗೂ ಮರೆತೇಹೋಗಿತ್ತು.

“ಅಳಸೇ ಅದ್ನ!” ದುರ್ಗಿ ಕೂಗುತ್ತಾಳೆ. ಮೊಮ್ಮಗಳ ಕೈಗೆ ಕಾಯದೆ ಬುಟ್ಟಿ ಕೆಳಗಿಟ್ಟು, ತಾನೇ ಮುಂದೆ ಬಂದು, ಕಪ್ಪಿಗಿಳಿದ ಗೆರೆಯನ್ನು ಸೆರಗಿನಿಂದ ತಿಕ್ಕಿ ತಿಕ್ಕಿ ಒರೆಸುತ್ತಾಳೆ. ಗೋಡೆಯೂ ಸೆರಗೂ ಮಸಿಯಾಗುತ್ತವೆ. ಏದುಸಿರು ಬಿಡುತ್ತ ಕೇಳುತ್ತಾಳೆ: “ಮತ್ತೆಂತ ಮಾಡೂದು, ಅಕ್ಕೋರೇ? ನೀರು ಬೇಕಲ್ಲ.”

“ತೆಳಿ ಹೆಂಗೆ ತೆಗೀತ್ಯೇ ದುರ್ಗಕ್ಕ?”

“ಮೇಲ್ಮೇಲಿಂದ, ಸಾವಕಾಶ.” ಅಂದವಳೇ ಗೋಡೆಯ ಕಡೆ ತಿರುಗಿ ಬಾವಿಯ ಎರಡೂ ಬದಿ ಅಂಗೈ ಅಗಲಿಸಿ ಹಿಡಿಯುತ್ತಾಳೆ. “ಜಟ್ಟೀ, ಆಳ ಬ್ಯಾಡ. ಅಗಲ ಮಾಡು, ಮೇಲಿನ ನೀರೇ ಕೂಡ್ಲಿ.”

“ಆತು,” ಎನ್ನುತ್ತಾನೆ ಜಟ್ಟಿ. ಅವನಿಗೇನು, ಕೆಲಸವಂತೂ ತಪ್ಪಲಿಲ್ಲ.

ಬಾವಿಯನ್ನು ಅಗಲಿಸಿದರು. ಮೊನ್ನೆ ಮತ್ತೆ ಹೋದಾಗ ಆ ನೀರು ಕುಡಿದೆ. ಹೇರಳವಲ್ಲ, ಸಂಜೆಯ ಕೊಡಕ್ಕೆ ತುಸು ಕಾಯಬೇಕು; ಆದರೆ ಸಿಹಿ. ನಿಮಗೇನು ಬೇಕು ಎಂದು ಅಕ್ಕೋರನ್ನು ಕೇಳಿದೆ. ವರ್ಗವೋ, ಇನ್ನೊಬ್ಬ ಮಾಸ್ತರೋ ಎಂದಾರೆಂದು ಎಣಿಸಿದ್ದೆ. ಅವರು ಗೋಡೆಯ ಮಸಿಕಲೆ ತೋರಿಸಿದರು.

“ಸುಣ್ಣ ಹೊಡೆಯುವಾಗ ಇಷ್ಟು ಜಾಗ ಬಿಟ್ಟರೆ ಸಾಕು. ಉಳಿದದ್ದನ್ನು ಮಕ್ಕಳು ಮತ್ತೆ ಬರೀತಾರೆ. ಇದು ದುರ್ಗಕ್ಕ ಬರೆದದ್ದು.”