ಶಿಕಾರಿಪುರದ ಬೀಗ ಹಾಕಿದ ಕೋಣೆ

ದೆವ್ವ, ಗಾಳಿ ಎಂದವರನ್ನು ಗೇಲಿ ಮಾಡಿ ಬಾಯಿ ಮುಚ್ಚಿಸುತ್ತಿದ್ದವನು ನಾನು. ಈಗಲೂ ಅವರ ಗುಂಪಿಗೆ ಸೇರಿಲ್ಲ. ಆದರೆ ತೊಂಬತ್ತರ ದಶಕದ ಕೊನೆಯಲ್ಲಿ ಸೊರಬದಲ್ಲಿ ಒಂದು ಮಧ್ಯಾಹ್ನ ನಾನು ಕಂಡದ್ದನ್ನು ಯಾರಾದರೂ ಬಿಡಿಸಿ ಹೇಳಿದರೆ ಅವರಿಗೆ ಕೈಮುಗಿಯುತ್ತೇನೆ.

ಆಗ ಬೀಜ, ಗೊಬ್ಬರ ಮಾರುವ ಒಂದು ಖಾಸಗಿ ಸಂಸ್ಥೆಯಲ್ಲಿದ್ದೆ. ಕಂಪ್ಯೂಟರ್ ಇದ್ದದ್ದು ಶಿಕಾರಿಪುರದಲ್ಲಿ. ಸೊರಬ ಶಾಖೆಯವರು ಫೋನಿನಲ್ಲಿ ದಾಸ್ತಾನು ಹೇಳಿದರೆ, ಅಲ್ಲಿ ಷಡಾಕ್ಷರಪ್ಪ ಎಂಬಾತ ಕುಳಿತು ಟೈಪ್ ಮಾಡುತ್ತಿದ್ದ. ಅದರ ಬದಲು ಸೊರಬದಲ್ಲೇ ಒಂದು ಪರದೆ ಇಟ್ಟು, ಮೋಡೆಮ್ ಹಾಕಿ, ಫೋನ್ ಲೈನಿನಲ್ಲೇ ಆ ಕಂಪ್ಯೂಟರಿನೊಳಗೆ ಹೋಗಬಹುದೇ, ಎರಡರಲ್ಲಿ ಯಾವುದು ಮೇಲು ಎಂದು ವರದಿ ಕೊಡುವ ಕೆಲಸ ನನ್ನದು. ಲೈನ್ ಗೆದ್ದರೆ ಷಡಾಕ್ಷರಪ್ಪನ ಕೆಲಸ ಹೋದಂತೆಯೇ. ಅವನು ನನ್ನನ್ನು ಕಂಡರೆ ಕೆಂಡ ಕಾರುತ್ತಿದ್ದ. ನನಗೂ ಅವನನ್ನು ಕಂಡರೆ ಆಗುತ್ತಿರಲಿಲ್ಲ. ಅವನದು ವ್ಯಾಪಾರದ ಮನೆತನ. ಖಾತೆಪುಸ್ತಕದ ತಲೆಯಲ್ಲಿ ಬರೆಯುವಂತೆ ದಿನವೂ ಕೆಲಸಕ್ಕೆ ಮುನ್ನ ಇಂಗ್ಲಿಷ್ ಅಕ್ಷರಗಳಲ್ಲಿ ‘ಶ್ರೀ’ ಎಂದು ಟೈಪ್ ಮಾಡುತ್ತಿದ್ದ. ಅಂಥ ಆಜ್ಞೆಯೇ ಇಲ್ಲವೆಂದು ಕಂಪ್ಯೂಟರ್ ದಿನವೂ ತಿರಸ್ಕರಿಸುತ್ತಿತ್ತು. ಇದನ್ನು ಹೇಳಿ ನಾನು ಹತ್ತು ಜನರೆದುರು ನಕ್ಕಿದ್ದೆ.

ಪರೀಕ್ಷೆಯ ದಿನ ಅವನು ಏನಾದರೂ ಕೆಡಿಸುತ್ತಾನೆಂದು ನನಗೆ ಅನುಮಾನ. ಕಂಪ್ಯೂಟರ್ ಚಾಲೂ ಇಟ್ಟು, ಕೋಣೆಗೆ ಬೀಗ ಹಾಕಿಸಿ, ಇದ್ದೊಂದು ಕೀಲಿಯ ಸಮೇತ ಅವನನ್ನು ಬಸ್ಸಿನಲ್ಲಿ ಸೊರಬಕ್ಕೆ ಕರೆತಂದೆ.

ಮೂರನೆಯ ಸಲಕ್ಕೆ ಲೈನ್ ಸಿಕ್ಕಿತು. ಕಂಪ್ಯೂಟರಿನೊಳಗೆ ಯಾರ್‍ಯಾರಿದ್ದಾರೆಂದು ನೋಡಿದೆ. ಒಂದು ನನ್ನ ಹೆಸರು. ಇನ್ನೊಂದು, ಶಿಕಾರಿಪುರದ ಕೀಬೋರ್ಡಿನಲ್ಲಿ, ಷಡಾಕ್ಷರಪ್ಪನದು. ಕಂಪ್ಯೂಟರಿನಿಂದ ಲಾಗೌಟ್ ಆಗುವುದನ್ನು ಮರೆತಿದ್ದೀರಿ ಎಂದು ಅವನ ಮೇಲೆ ರೇಗಿದೆ. ಮರೆತಿಲ್ಲ ಎಂದು ಅವನೂ ದನಿಯೇರಿಸಿದ. ಆ ಕೀಬೋರ್ಡಿನ ಮುಂದಿರುವವರಿಗೆ ಇಲ್ಲಿಂದ ಒಂದು ಸಾಲು ಕಳಿಸಬಹುದಿತ್ತು. ‘ಯಾರು?’ ಎಂದು ಕಳಿಸಿದೆ. ಮೊದಲು ‘ಶ್ರೀ’ ಎಂದು ಬಂತು. ಆಮೇಲೆ ‘ಕೆಲಸ ಮಾಡ್ತಿದೀನಿ’ ಎಂದು ಬಂತು.

ಏನು ಆಟ ಇದು ಎಂದು ಅವನ ಜೇಬಿಗೇ ಕೈಹಾಕಿದೆ. ಕೀಲಿ ಅಲ್ಲೇ ಇತ್ತು. ಪಕ್ಕದ ಫೋನ್ ಬೂತಿನಿಂದ ಶಿಕಾರಿಪುರ ಕಚೇರಿಯ ಗುಮಾಸ್ತರಿಗೆ ಫೋನ್ ಮಾಡಿದೆ. ಅವರು ಕಿಟಕಿಯಲ್ಲಿ ಇಣುಕಿ ಬಂದು, ಬೀಗ ಹಾಕಿದ್ದು ಹಾಗೇ ಇದೆ, ಕುರ್ಚಿ ಖಾಲಿ ಎಂದರು. ವಾಪಸು ಬಂದು ನೋಡಿದರೆ ಪರದೆಯ ಮೇಲೆ ಸೊರಬದ ದಾಸ್ತಾನು ಸಾಲುಸಾಲಾಗಿ ಬರುತ್ತಿತ್ತು. ಆ ಬೆಳಿಗ್ಗೆ ಹತ್ತಿರದ ಉಳವಿಯಿಂದ ಸೊರಬಕ್ಕೆ ವಾಪಸಾದ ಭತ್ತದ ಬೀಜದ ಚೀಲಗಳೂ ಅದರಲ್ಲಿದ್ದವು. ಅದನ್ನು ಇನ್ನೂ ಯಾರೂ ಶಿಕಾರಿಪುರಕ್ಕೆ ತಿಳಿಸಿರಲಿಲ್ಲ. ಷಡಾಕ್ಷರಪ್ಪನೂ ಬಗ್ಗಿ ಪರದೆಯನ್ನೇ ಓದುತ್ತಿದ್ದ.

“ಕಂಡಿದ್ದನ್ನ ಕಂಡಂಗೆ ಬರೀರಿ. ನನಗ ಬ್ಯಾರೇನೂ ಬ್ಯಾಡ್ರಿ,” ಎಂದ.

ಬರೆದಿದ್ದರೆ ಆ ಲೈನನ್ನು ಯಾರೂ ನಂಬುತ್ತಿರಲಿಲ್ಲ, ಅವನ ಕೆಲಸ ಉಳಿಯುತ್ತಿತ್ತು. ಆದರೆ ನಗೆಪಾಟಲಾಗುವ ಹೆದರಿಕೆ, ಅದಕ್ಕಿಂತ ಹೆಚ್ಚಾಗಿ ಅವನಿಗೆ ಸೋಲಬಾರದೆಂಬ ಹಟ. ಲೈನ್ ಚೆನ್ನಾಗಿದೆ, ದೋಷವೇನೂ ಕಾಣಲಿಲ್ಲ ಎಂದು ಬರೆದು ಸಹಿ ಹಾಕಿದೆ. ಮುಂದಿನ ತಿಂಗಳು ಅವನನ್ನು ಕೆಲಸದಿಂದ ಬಿಡಿಸಿದರು.

ಅಂದು ಟೈಪ್ ಮಾಡಿದವರು ಯಾರೆಂದು ನನಗೆ ಇಂದಿಗೂ ತಿಳಿದಿಲ್ಲ. ಹೇಳಿದರೆ ಯಾರೂ ನಂಬುವುದಿಲ್ಲ. ಹೌದು, ನಾನೂ ನೋಡಿದೆ ಎನ್ನಬಲ್ಲವನು ಲೋಕದಲ್ಲಿ ಅವನೊಬ್ಬನೇ. ಅವನು ನನ್ನೊಂದಿಗೆ ಮಾತು ಬಿಟ್ಟಿದ್ದಾನೆ.